ಗೋಡೆಯ ಆಚೆಯಿಂದ ಬಂದ ಅರ್ಧ ಜಪ

ಒಂದೂರಲ್ಲಿ ಒಬ್ಬ ರೈತ ಇದ್ದ. ಕಥೆಗಳಲ್ಲಿ ಬರುವಂಥ ಶ್ರೀಮಂತನಲ್ಲ. ಎರಡೆಕರೆ ರಾಗಿ, ಒಂದೆಕರೆ ರೇಷ್ಮೆ ಸೊಪ್ಪು, ಒಂದು ಜೊತೆ ಎತ್ತು. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಪೂಜೆ ಮುಗಿದ ಕೂಡಲೇ ನೀವು ಚರ್ಚಿನಿಂದ ನೇರ ಅವನ ಮನೆ ಹುಡುಕಿಕೊಂಡು ಹೊರಡುತ್ತೀರಿ, ನನಗೆ ಗೊತ್ತು.

ಒಳ್ಳೆಯವನು. ನೋಡಿ, ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಒಳ್ಳೆಯವನು. ಊರಲ್ಲಿ ಯಾರು ಕೆಮ್ಮಿದರೂ ಕಷಾಯದ ಚೊಂಬು ಹಿಡಿದು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದ. ಯಾರು ಹಾಸಿಗೆ ಹಿಡಿದರೂ ಸಮಾಧಿ ತೋಡಲು ಗುದ್ದಲಿ ಹರಿತ ಮಾಡಿಟ್ಟುಕೊಳ್ಳುತ್ತಿದ್ದ. ಕೆಲವು ಸಲ ಕಾಯಿಲೆಯವರೇ ಸಾಯಲು ಇನ್ನೂ ಮನಸ್ಸು ಮಾಡಿರುತ್ತಿರಲಿಲ್ಲ. ಭಾನುವಾರ ಚರ್ಚಿನ ಮೊದಲ ಗಂಟೆಗೆ ಮೊದಲ ಸಾಲಿನಲ್ಲಿ ಕೂತಿರುತ್ತಿದ್ದ. ಆ ಊರಿನ ಸ್ವಾಮಿಗಳ ಪ್ರಬೋಧನೆ ಮುಗಿಯುವವರೆಗೂ ಕಣ್ಣು ಬಿಟ್ಟಿರುತ್ತಿದ್ದ ಒಬ್ಬನೇ ಮನುಷ್ಯ ಅವನು. ನಮ್ಮೂರಲ್ಲಿ ಅಂಥವನು ಇನ್ನೂ ಹುಟ್ಟಬೇಕು.

ಸಂಜೆ ಏಳಕ್ಕೆ ಮನೆಯಲ್ಲಿ ಮಣಿ ಎಣಿಸಿ ಹೇಳುವ ಜಪಸರ. ಇವನು 'ನಮೋ ಮರಿಯಾ' ಎಂದು ಮೊದಲರ್ಧ ಹೇಳಬೇಕು, ಹೆಂಡತಿ ಮಕ್ಕಳು 'ಸಂತ ಮರಿಯಾ, ದೇವಮಾತೆಯೇ' ಎಂದು ಉಳಿದರ್ಧ ಮುಗಿಸಬೇಕು. ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ? ಮಾಡುತ್ತಿದ್ದರೆ ಹಾಗೇ. ಜಪ ಮುಗಿದರೂ ಇವನು ಏಳುತ್ತಿರಲಿಲ್ಲ. ಊರಿನವರ ಪಟ್ಟಿ ಶುರುವಾಗುತ್ತಿತ್ತು, ಒಬ್ಬೊಬ್ಬರಿಗೂ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಒಂದೊಂದು ಪ್ರಾರ್ಥನೆ.

"ಚೌರಪ್ಪನ ಮಂಡಿನೋವಿಗೆ ಒಂದು ಪರಲೋಕ ಮಂತ್ರ. ಲೂರ್ದಮ್ಮನ ಸೊಸೆ ಬಸುರಿ, ಅವಳಿಗೊಂದು. ಇನ್ನಾಸಪ್ಪನ ಹಸ ಮೇವು ಮುಟ್ತಿಲ್ಲ, ಅದಕ್ಕೊಂದು."

"ಹಸಕ್ಕೂ ಪರಲೋಕ ಮಂತ್ರನಾ?" ಹೆಂಡತಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು.

"ಅದರ ಹಾಲು ಕುಡಿಯೋರು ಮನುಷ್ಯರೇ ಕಣೆ."

"ಮುದ್ದೆ ಕಲ್ಲಾಯ್ತಾ ಅದೆ. ಅದಕ್ಕೂ ಒಂದು ಹೇಳ್ಬುಡಿ."

ಪಟ್ಟಿಯಲ್ಲಿ ಊರೇ ಇತ್ತು. ದನ ಇತ್ತು, ಕೊಳವೆ ಬಾವಿ ಇತ್ತು, ಬಸ್ಸಿನ ಕಂಡಕ್ಟರ್ ಇದ್ದ. ಒಂದೇ ಒಂದು ಹೆಸರು ಇರಲಿಲ್ಲ. ಯಾರದು? ಒಡಹುಟ್ಟಿದ ತಮ್ಮನದು. ತಮ್ಮ ಎಲ್ಲಿದ್ದ? ದೂರದ ಊರಲ್ಲಿದ್ದನೇ? ಇಲ್ಲ. ಗೋಡೆಯ ಆಚೆ ಇದ್ದ. ಅಪ್ಪನ ಮನೆಯನ್ನು ನಡುವೆ ಗೋಡೆ ಎತ್ತಿ ಭಾಗ ಮಾಡಿಕೊಂಡಿದ್ದರು. ಗೋಡೆ ಹೆಂಚಿನವರೆಗೂ ಹೋಗಿರಲಿಲ್ಲ, ಮೇಲೆ ಒಂದು ಮೊಳ ಗಾಳಿಗೆಂದು ಬಿಟ್ಟಿದ್ದರು. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು. ಈ ಕಡೆಯ ಪಟ್ಟಿಯನ್ನು ಆ ಕಡೆಯವನು ದಿನವೂ ಕೇಳುತ್ತಿದ್ದ. ದಿನವೂ.

ಜಗಳ ಯಾತಕ್ಕೆ? ಅಣ್ಣನ ಮೇಕೆ ಹಗ್ಗ ಕಿತ್ತುಕೊಂಡು ಹೋಗಿ ತಮ್ಮನ ರೇಷ್ಮೆ ಸೊಪ್ಪು ಒಂದು ಸಾಲು ಮೇಯ್ದಿತ್ತು. ಇಷ್ಟೇ. ಮೇಕೆ ಸತ್ತು ನಾಲ್ಕು ವರ್ಷವಾಯಿತು. ಜಗಳ ಮಾತ್ರ ಗಟ್ಟಿಮುಟ್ಟಾಗಿತ್ತು. ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ನಿಮ್ಮ ಮೇಕೆ ಯಾವುದು ಎಂದು ನಾನು ಆಮೇಲೆ ಕೇಳುತ್ತೇನೆ.

ಒಂದು ದಿನ ಇವನ ಹೆಂಡತಿಯ ತವರಿನಲ್ಲಿ ಒಂದು ಮಗುವಿಗೆ ಜ್ಞಾನಸ್ನಾನ. ಅವಳು ಮಕ್ಕಳನ್ನು ಕರೆದುಕೊಂಡು ಹೊರಟಳು. ವಾರಗಿತ್ತಿಯನ್ನೂ ಅವಳ ಮಕ್ಕಳನ್ನೂ ಅದೇ ಬಸ್ಸಿಗೆ ಹತ್ತಿಸಿದಳು. ಅವರಿಬ್ಬರ ನಡುವೆ ಯಾವ ಮೇಕೆಯೂ ಬಂದಿರಲಿಲ್ಲ ನೋಡಿ. ಗಂಡಸರಿಬ್ಬರೂ ಉಳಿದರು. ಎರಡೂ ಮನೆಯಲ್ಲಿ ರೇಷ್ಮೆ ಹುಳು ಗೂಡು ಕಟ್ಟಲು ಹಣ್ಣಾಗುತ್ತಿದ್ದವು, ಬಿಟ್ಟು ಹೋಗುವಂತಿರಲಿಲ್ಲ. ಹೊರಡುವಾಗ ಹೆಂಡತಿ ಹೇಳಿದಳು, "ಸಾರು ಒಲೆ ಮೇಲದೆ. ಜಪ ಬಿಡ್ಬೇಡಿ. ಉತ್ತರ ಹೇಳಕ್ಕೆ ನಾವಿಲ್ಲ ಅಷ್ಟೆ."

"ನಾನೊಬ್ನೇ ಹೇಳ್ಕೋತೀನಿ ಬುಡು. ಅದೇನ್ ಮಹಾ?"

ಏಳು ಗಂಟೆ. ಮಂಡಿಯೂರಿದ. 'ನಮೋ ಮರಿಯಾ' ಎಂದು ಶುರು ಮಾಡಿ ಅರ್ಧಕ್ಕೆ ನಿಂತ. ಇಪ್ಪತ್ತು ವರ್ಷದಿಂದ ಅಲ್ಲೇ ನಿಲ್ಲಿಸಿ ರೂಢಿ. ಕಾದ. ನಂತರ ನೆನಪಾಗಿ, ಉಳಿದದ್ದನ್ನೂ ತಾನೇ ಹೇಳಲು ಹೋದ. ನಾಲಿಗೆ ತಿರುಗಿ 'ನಮೋ ಮರಿಯಾ' ಕಡೆಗೇ ಬಂತು. ಮಾತು ಬಾರದೆ ಅಲ್ಲ, ಬಾಯಿಗೆ ಆ ದಾರಿ ಮರೆತಿತ್ತು. ಆಗ ಒಂದು ಉಪಾಯ ಹೂಡಿದ. ತನ್ನ ಚಾಪೆಯ ಮೇಲೆ ಮೊದಲರ್ಧ ಹೇಳುವುದು, ಮಂಡಿಯಲ್ಲೇ ತೆವಳಿ ಹೆಂಡತಿಯ ಚಾಪೆಗೆ ಹೋಗಿ ಉಳಿದರ್ಧ ಹೇಳುವುದು, ಮತ್ತೆ ತೆವಳಿ ಬರುವುದು. ಐದನೆಯ ಮಣಿಗೆ ಉಬ್ಬಸ ಬಂತು. ಚೌರಪ್ಪನ ಮಂಡಿಗೆ ಏನಾಗಿದೆ ಎಂದು ಅವನಿಗೆ ಅವತ್ತು ಸರಿಯಾಗಿ ತಿಳಿಯಿತು.

ತನ್ನ ಚಾಪೆಯ ಮೇಲೆ ಕುಸಿದು, ಆರನೆಯ ಮಣಿ ಹಿಡಿದು ಮೊದಲರ್ಧ ಹೇಳಿ, ಸುಮ್ಮನಾದ.

ಆ ಮೌನವನ್ನು ಸ್ವಲ್ಪ ಕೇಳಿ. ಹೊಲದ ಮೌನ ಅವನಿಗೆ ಗೊತ್ತಿತ್ತು. ಸಮಾಧಿ ತೋಡುವಾಗಿನ ಮೌನ ಗೊತ್ತಿತ್ತು. ಇದು ಬೇರೆ. ಯಾರೋ ಉತ್ತರ ಕೊಡಬೇಕಾದ ಜಾಗದಲ್ಲಿ ಯಾರೂ ಇರಲಿಲ್ಲ. ಹಣ್ಣಾದ ಹುಳುಗಳು ಮೇಯುವುದನ್ನು ನಿಲ್ಲಿಸಿದ್ದವು, ತಟ್ಟೆಗಳಿಂದ ಆ ಸದ್ದೂ ಬರುತ್ತಿರಲಿಲ್ಲ. ಅಪ್ಪನ ಕಾಲದಲ್ಲಿ ಇದೇ ಮನೆಯಲ್ಲಿ ಅಪ್ಪ ಮೊದಲರ್ಧ ಹೇಳುತ್ತಿದ್ದ. ಉಳಿದರ್ಧವನ್ನು ಹುಡುಗರಿಬ್ಬರು, ಊಟಕ್ಕೆ ಬೇಗ ಏಳಬಹುದೆಂದು, ಪೈಪೋಟಿ ಮೇಲೆ ಮುಗಿಸುತ್ತಿದ್ದರು.

ಆಗ ಗೋಡೆಯ ಮೇಲಿನ ಆ ಒಂದು ಮೊಳದ ಸಂದಿಯಿಂದ ಒಂದು ದನಿ ಬಂತು, ಬಹಳ ಬೇಗಬೇಗ, ಹಸಿದ ಹುಡುಗನ ಹಾಗೆ: "ಸಂತ ಮರಿಯಾ, ದೇವಮಾತೆಯೇ..."

ಅಣ್ಣ ಏಳನೆಯ ಮಣಿ ಹಿಡಿದ. ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ. ಹಾಗೇ ಪೂರಾ ಜಪಸರ ಮುಗಿಯಿತು.

ಆಮೇಲೆ ಪಟ್ಟಿ. ಚೌರಪ್ಪನ ಮಂಡಿ ಆಯಿತು, ಬಸುರಿ ಆಯಿತು, ಹಸು ಆಯಿತು. ಅಣ್ಣ ಕೆಮ್ಮಿದ. "ಇನ್ನೊಂದು..." ಎಂದ. ಮುಂದಕ್ಕೆ ಹೋಗಲಿಲ್ಲ. ಆ ಕಡೆಯವನು ಎಷ್ಟು ಹೊತ್ತು ಕಾದನೋ.

"ಅಣ್ಣ, ನನ್ ಸೊಂಟನೂ ಸೇರ್ಸು. ಚೌರಪ್ಪನ ಮಂಡಿಗಿಂತ ಜೋರಾಗದೆ."

"ಯಾವಾಗಿಂದ್ಲಾ?"

"ನಿನ್ ಮೇಕೆ ಅಟ್ಟಿಸ್ಕೊಂಡು ಓಡಿದ್ನಲ್ಲ, ಆವತ್ತಿಂದ."

ಅಣ್ಣ ಚಾಪೆಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡು ಕೇಳಿದ, "ಒಂದು ಸಾಕೇನ್ಲಾ?"

"ಎರಡು ಹೇಳು. ಇನ್ನೊಂದು ಆ ಮೇಕೆಗೆ. ಪಾಪ, ಅದೇನ್ ಮಾಡಿತ್ತು?"

ಇಷ್ಟೇ ಕಥೆ. ಈಗ ನಿಮ್ಮ ಕಡೆ ಬರುತ್ತೇನೆ. ಎಡಗಡೆ ಕೂತವರು ಬಲಗಡೆಯವರನ್ನು ನೋಡಬೇಡಿ, ನಾನು ನಿಮಗೇ ಹೇಳುತ್ತಿರುವುದು. ನೀವು ಕೆಟ್ಟವರೆಂದು ನಾನು ಹೇಳಿದೆನೇ? ಇಲ್ಲ. ಊರಿಗೆಲ್ಲ ಆಗುತ್ತೀರಿ, ಸತ್ತವರ ಮನೆಗೆ ಮೊದಲು ಓಡುತ್ತೀರಿ. ಆದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಆ ಒಂದು ಹೆಸರು? ಅವರು ಕಿವಿಗೊಟ್ಟು ಕಾಯುತ್ತಿದ್ದಾರೆ. ದಿನವೂ. ನಮ್ಮ ಜಪವನ್ನು ಹಿರಿಯರು ಸುಮ್ಮನೆ ಎರಡು ಅರ್ಧ ಮಾಡಿ ಇಟ್ಟರೇ? ಒಬ್ಬರೇ ಮುಗಿಸಲಾಗದಿರಲಿ ಎಂದೇ ಇಟ್ಟಿರಬೇಕು.

ಇವತ್ತು ಸಂಜೆ ಮಾಡಬೇಕಾದದ್ದು ದೊಡ್ಡದೇನಲ್ಲ. ಆ ಹೆಸರನ್ನು ಜಪದಲ್ಲಿ ಗಟ್ಟಿಯಾಗಿ ಹೇಳಿ, ಮನೆಯವರಿಗೆ ಕೇಳಿಸುವ ಹಾಗೆ. ನಾಳೆ ಅವರ ಬಾಗಿಲಿಗೆ ಹೋಗಿ ಸೊಂಟ ಹೇಗಿದೆ ಎಂದು ಕೇಳಿ. ಸಾಲು ಯಾರದು, ಮೇಕೆ ಯಾರದು, ಆ ಮಾತು ಎತ್ತಬೇಡಿ.

ನಾಳೆಯವರೆಗೂ ಯಾಕೆ? ಇನ್ನು ಸ್ವಲ್ಪ ಹೊತ್ತಿಗೆ 'ಪರಸ್ಪರ ಸಮಾಧಾನ ಹಂಚಿಕೊಳ್ಳಿ' ಎನ್ನುತ್ತೇನೆ. ಪ್ರತಿ ವಾರ ನೀವು ಪಕ್ಕದಲ್ಲಿ ಕೂತ ಸ್ವಂತ ಹೆಂಡತಿಗೆ ಕೈಮುಗಿದು ಮುಗಿಸುತ್ತೀರಿ. ಜಗಳವಾಡಿದವರು ನಾಲ್ಕು ಸಾಲು ಆಚೆ ಕೂತಿರುತ್ತಾರೆ. ಇವತ್ತು ಎದ್ದು ಅಲ್ಲಿಗೆ ಹೋಗಿ. ಚಪ್ಪಲಿ ಹುಡುಕಬೇಕಿಲ್ಲ, ಗೋಡೆಯೂ ಅಡ್ಡವಿಲ್ಲ. ನೀವು ಹೋಗಿ ಬರುವವರೆಗೂ ನಾನು ಪೂಜೆ ಮುಂದುವರಿಸುವುದಿಲ್ಲ. ಮನೆಯಲ್ಲಿ ನಿಮ್ಮ ಮುದ್ದೆ ಕಲ್ಲಾದರೂ ಸರಿ, ಇಲ್ಲೇ ಕಾಯುತ್ತಾ ನಿಂತಿರುತ್ತೇನೆ.