ಮಗನ ಪಾಲಿನ ಒಂದು ಹಿಡಿ

ಎರಡನೇ ಮಹಾಯುದ್ಧ ಮುಗಿದರೂ ಸಿರುಗುಪ್ಪದಲ್ಲಿ ರೇಷನ್ ಅಕ್ಕಿಗೆ ಸಾಲು ತಪ್ಪಿರಲಿಲ್ಲ. ನನ್ನ ಮುಂದೆ ಅಕ್ಕತಂಗಿ ನಿಂತಿದ್ದರು. ತಂಗಿ ರೂತಮ್ಮ ಕ್ರೈಸ್ತಳಾಗಿದ್ದಳು. ಅವಳ ಮಗ ಸತ್ತು ಮೂರನೆಯ ದಿನ.

“ಇವತ್ತು ಕೂಸಿನ ಗುಂಡಿಮ್ಯಾಲ ಅನ್ನದ ಎಡಿ ಇಡಬೇಕಲ್ಲೇ,” ಎಂದಳು ಅಕ್ಕ ಮಾರೆಮ್ಮ.

“ನಮ್ಮಾಗ ಇಡಂಗಿಲ್ಲಕ್ಕ. ಯೇಸಪ್ಪನ ಹತ್ರ ಹಸಿವಿಲ್ಲ ಅಂತ ಪಾದ್ರಿ ಹೇಳ್ಯಾರ. ಅದನ್ನ ಕೇಳಿದ ಮ್ಯಾಲ ನನಗ ನಿದ್ದಿ ಬಂತು.”

“ಇಲ್ಲಿ ಗಂಜಿ ಇಲ್ದ ಸತ್ತ, ಅಲ್ಲಿ ಹಸಿವಿಲ್ಲಂತ! ನಿನ್ನ ಯೇಸಪ್ಪ ಎಂಟು ದಿನ ಮೊದ್ಲ ಬರಬಾರದಿತ್ತಾ?”

“ನಿನ್ನ ಹುಲಿಗೆಮ್ಮ ಬಂದಿದ್ಲಾ?”

ಮಾರೆಮ್ಮ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.

ಅಂಗಡಿಯವನು ಅಳೆದುಕೊಟ್ಟ ಅಕ್ಕಿಯಲ್ಲಿ ಅರ್ಧ ಕಲ್ಲು. ರೂತಮ್ಮ ಅದರಲ್ಲೇ ಒಂದು ಹಿಡಿ ತೆಗೆದು ಅಕ್ಕನ ಸೆರಗಿಗೆ ಸುರಿದಳು.

“ನೀನ ಬೇಯಿಸಿ ಇಡಕ್ಕ. ಪಾದ್ರಿಗೆ ಹೇಳಬ್ಯಾಡ.”

ಇಬ್ಬರೂ ಹೊರಟರು. ಬೀದಿಯ ತಿರುವಿನಲ್ಲಿ ಮತ್ತೆ ರೂತಮ್ಮನದೇ ದನಿ ಕೇಳಿಸಿತು:

“ಕಲ್ಲು ಚೆಂದಾಗಿ ಆರಿಸು. ಕಲ್ಲು ಸಿಕ್ರ ಅವ ಉಣ್ಣಂಗಿಲ್ಲ.”