ಏನೂ ಕಳುವಾಗಿಲ್ಲ

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಒಂದು ಬೆಂಚು ಮುಕ್ಕಾಲುಪಾಲು ಖಾಲಿಯಿತ್ತು. ಅದರ ತುದಿಗೆ ಎಲ್ಲಮ್ಮನ ಹೆಸರಲ್ಲಿ ಸೀರೆಯುಟ್ಟ ಇಬ್ಬರು ಜೋಗಪ್ಪಂದಿರು ಕುಳಿತಿದ್ದರು. ನಿಂತು ಕಾಲು ಸೋತ ದಾನೇಶ್ವರಿ ಇನ್ನೊಂದು ತುದಿಗೆ ಕುಳಿತಳು. ಜೋಗಪ್ಪಂದಿರಲ್ಲಿ ಕಿರಿಯಾಕೆಯ ತುಟಿ ಒಡೆದಿತ್ತು. ಮಡಿಲಲ್ಲಿ ತಂತಿ ಹರಿದ ಚೌಡಿಕೆ.

"ಪೊಲೀಸ್ ಟೇಶನ್ನಿಗೆ ಹೋಗೂಣ ನಡಿ, ಮಾಳವ್ವ," ಎಂದಳು ಹಿರಿಯಾಕೆ.

"ಹೋಗಿ ಏನಂತ ಹೇಳ್ಲಿ, ಯಕ್ಕಾ? ಏನೂ ಕಳುವಾಗಿಲ್ಲ. ಬುಟ್ಟ್ಯಾಗಿನ ರೊಕ್ಕ ಸೈತ ಮುಟ್ಟಲಿಲ್ಲ ಆ ಕಟ್ಟಿ ಮ್ಯಾಲಿನ ಮಂದಿ."

"ಮತ್ಯಾಕ ಬಡದ್ರು?"

"ಸೀರಿ ಉಟ್ಟೇನಂತ."

"ಅದನ್ನ ಹೇಳು. ಹಂಗ ಬರಸು."

"ನಗ್ತಾರ."

"ನಗಲಿ. ನನ್ನ ಮುಂದಿನ ಹಲ್ಲು ಹೆಂಗ ಹೋತು, ಗೊತ್ತೈತೇನು?"

"ಬಚ್ಚಲದಾಗ ಬಿದ್ದೆ ಅಂದಿದ್ದಿ."

"ಬಿದ್ದಿರ್ಲಿಲ್ಲ. ಆ ಕಟ್ಟಿ ಮಂದಿನಽ ಬಡದಿದ್ರು. ಅವತ್ತ ನಾ ಬಾಯಿ ಬಿಟ್ಟಿದ್ರ, ಇವತ್ತ ನಿನ್ನ ಮ್ಯಾಲ ಕೈ ಎತ್ತಾಕ ಹೆದರ್ತಿದ್ರು."

ಮಾಳವ್ವ ಆಕೆಯ ಬಾಯನ್ನೇ ನೋಡುತ್ತ ಕುಳಿತಳು. ತಾಳಿಕೋಟೆ ಬಸ್ಸು ಬಂತು. ಇಬ್ಬರೂ ಎದ್ದರು, ಬಸ್ಸು ಹತ್ತದೆ ಠಾಣೆಯ ದಾರಿ ಹಿಡಿದರು.

ಅವರು ಎದ್ದದ್ದೇ ತಡ, ನಿಂತವರೆಲ್ಲ ಬಂದು ಬೆಂಚು ತುಂಬಿದರು.

"ಜರಾ ಸರಕೊಳ್ರಿ, ಅಕ್ಕಾರ," ಎಂದರು ದಾನೇಶ್ವರಿಗೆ.