ಅನಸವ್ವನ ಎರಡು ಪದಕಗಳ ಬಗ್ಗೆ

ನನ್ನ ಹೆಸರು ಭಾಗೀರಥಿ ಕೋಂ ಗುರುಪಾದ ಮೇಟಿ, ವಯಸ್ಸು 47, ವಿದ್ಯಾರ್ಹತೆ ಎಂ.ಎ., ಉದ್ಯೋಗ ಕಾಲೇಜಿನಲ್ಲಿ ಗ್ರಂಥಪಾಲಕಿ, ಸಾಕಿನ್ ಬನಹಟ್ಟಿ. ದಿನಾಂಕ 7-10-2018ರಂದು ಹಿಪ್ಪರಗಿಯ ತವರುಮನೆಯಿಂದ ನನ್ನ ತಾಯಿಯ ಸೇನಾ ಪದಕಗಳು ಕಳವಾಗಿವೆ ಎಂದು ದೂರು ಕೊಟ್ಟಿದ್ದೆ. ಆ ವಿಷಯದಲ್ಲಿ ಇಂದು ನಾನಾಗಿಯೇ ಠಾಣೆಗೆ ಬಂದು ಬರೆಯಿಸುವುದು ಇಷ್ಟು.

ಆ ದೂರಿನಲ್ಲಿ ನನ್ನ ತಾಯಿ ಕೊನೆಯ ದಿನಗಳಲ್ಲಿ "ನಮ್ಮಿಬ್ಬರನ್ನ ಬ್ಯಾರೆ ಮಾಡಬ್ಯಾಡ್ರಿ" ಎಂದಿದ್ದರೆಂದು ಹೇಳಿದ್ದೆ. ಮಾತು ಇಷ್ಟೇ ಇತ್ತೋ, ಹಿಂದೆಮುಂದೆ ಇನ್ನೇನಾದರೂ ಇತ್ತೋ ನನಗೆ ಈಗ ಖಚಿತವಿಲ್ಲ. ತಮ್ಮ ಮತ್ತು ನನ್ನ ತಂದೆಯ ಸೇನೆಯ ವಸ್ತುಗಳ ಬಗ್ಗೆ ಹೇಳಿದರೋ, ಮಣ್ಣು ಮಾಡುವ ಜಾಗದ ಬಗ್ಗೆ ಹೇಳಿದರೋ ಅದೂ ತಿಳಿಯದು. ಆದ್ದರಿಂದ ಆ ಮಾತನ್ನು ಸಾಕ್ಷ್ಯವೆಂದು ಹಿಡಿಯಬಾರದು.

ನನ್ನ ತಂದೆ ಗಿರಮಲ್ಲಪ್ಪ ಸೇನೆಯಲ್ಲಿ ಸಿಪಾಯಿಯಾಗಿ ಸೇರಿ ಸುಬೇದಾರರಾಗಿ 1986ರಲ್ಲಿ ನಿವೃತ್ತರಾದರು. ತಾಯಿ ಅನಸವ್ವ ಮಿರಜದಲ್ಲಿ ನರ್ಸಿಂಗ್ ಕಲಿತು, 1965ರಿಂದ 1970ರವರೆಗೆ ಮಿಲಿಟರಿ ಆಸ್ಪತ್ರೆಗಳಲ್ಲಿ ಲೆಫ್ಟಿನೆಂಟ್ ದರ್ಜೆಯ ನರ್ಸಾಗಿ ಸೇವೆ ಮಾಡಿದರು. ಮದುವೆಯಾದರೆ ಕೆಲಸ ಬಿಡಬೇಕೆಂಬುದು ಆಗಿನ ನಿಯಮ, ಬಿಟ್ಟರು. ತಂದೆ ಆಗ ಹವಾಲ್ದಾರ. "ಅಣ್ಣ ಹವಾಲ್ದಾರ, ವೈನಿ ಸಾಹೇಬ್ರು, ನಮ್ಮ ಮನ್ಯಾಗ ರೊಟ್ಟಿ ಕೇಳಬೇಕಂದ್ರೂ ಸಲ್ಯೂಟ್ ಹೊಡೀಬೇಕ" ಎಂದು ತಂದೆಯ ತಮ್ಮ ಈರಪ್ಪ ಕಾಕಾ ಈಗಲೂ ನಗಾಡುತ್ತಾರೆ.

ಇಬ್ಬರ ವಸ್ತುಗಳೂ ಹಿಪ್ಪರಗಿ ಮನೆಯಲ್ಲಿ ಎರಡು ಕಬ್ಬಿಣದ ಟ್ರಂಕುಗಳಲ್ಲಿದ್ದವು. 2005ರಲ್ಲಿ ಕೃಷ್ಣೆಯ ನೀರು ಪಡಸಾಲೆಗೆ ಬಂದಾಗ ತಂದೆ ಮೊದಲು ತಾಯಿಯ ಟ್ರಂಕನ್ನು ಮಾಳಿಗೆಗೆ ಹೊತ್ತರು. ತಮ್ಮದನ್ನು ಒಯ್ಯಲು ಇಳಿಯುವಷ್ಟರಲ್ಲಿ ಅದು ಅರ್ಧ ಮುಳುಗಿತ್ತು. ಅವರ ಕೋಟಿನ ಮೇಲೆ ನೀರಿನ ಗೆರೆ ಇಂದಿಗೂ ಇದೆ. ತಾಯಿಯ ಬಿಳಿ ಉಡುಪಿಗೆ ಕಲೆಯಿಲ್ಲ. ತಂದೆ 2009ರಲ್ಲಿ, ತಾಯಿ ಕಳೆದ ನವೆಂಬರಿನಲ್ಲಿ ತೀರಿಕೊಂಡರು. ಮನೆಯಲ್ಲಿ ಈಗ ಈರಪ್ಪ ಕಾಕಾ ಮತ್ತು ಅವರ ಹೆಂಡತಿ ಲಗಮವ್ವ ಕಾಕಿ ಇದ್ದಾರೆ.

ಜಮಖಂಡಿಯ ನಿವೃತ್ತ ಸೈನಿಕರು ತಮ್ಮ ಸಭಾಂಗಣದಲ್ಲಿ ಗಾಜಿನ ಕಪಾಟು ಮಾಡಿಸಿ, ಈ ಭಾಗದ ಸೈನಿಕರ ವಸ್ತುಗಳನ್ನು ಇಡುತ್ತಿದ್ದಾರೆ. ಅದನ್ನು ನೋಡಿಕೊಳ್ಳುವ ಅಂದಾನೆಪ್ಪನವರಿಗೆ ಆಗಸ್ಟಿನಲ್ಲಿ ಫೋನ್ ಮಾಡಿದೆ. ಅವರು "ಸುಬೇದಾರ ಸಾಹೇಬ್ರದು ತರ್ರಿ, ನಿಮ್ಮ ಅವ್ವಾರದು ಯಾಕ್ರಿ, ನರ್ಸ್ ಇದ್ರಲ್ರಿ?" ಎಂದು ಕೇಳಿದರು. ನನ್ನ ತಾಯಿ ಅಧಿಕಾರಿಯಾಗಿದ್ದರು, ತಂದೆ ಅವರಿಗೆ ಸಲ್ಯೂಟ್ ಮಾಡಬೇಕಿತ್ತು ಎಂದೆ. ಅದಕ್ಕೆ ಅವರು, "ಹಂಗಾರ ಮ್ಯಾಲಿನ ಹಲಿಗಿ ಅವರಿಗೇ ಬಿಡಬೇಕಾತು" ಎಂದು ನಕ್ಕರು. ಆದರೆ ಫೋಟೊ ಮಾತ್ರ ತಂದರೆ ಇಡಲಾಗದು, ಅಸಲು ಪದಕಗಳೇ ಬೇಕು ಎಂದರು. ಇದೇ 14ರಂದು ವಸ್ತುಗಳನ್ನು ಒಪ್ಪಿಸುವುದೆಂದು ನಿಶ್ಚಯವಾಯಿತು.

ಅದಕ್ಕಾಗಿ 7ನೇ ತಾರೀಖು ಭಾನುವಾರ ಬೆಳಿಗ್ಗೆ ಹಿಪ್ಪರಗಿಗೆ ಹೋಗಿ ಟ್ರಂಕುಗಳನ್ನು ತೆರೆದೆ. ತಂದೆಯದರಲ್ಲಿ ಎಲ್ಲವೂ ಇತ್ತು. ತಾಯಿಯದರಲ್ಲಿ ಉಡುಪು, ಟೋಪಿ, ಭುಜದ ಹಿತ್ತಾಳೆ ನಕ್ಷತ್ರಗಳು ಇದ್ದವು. ರಕ್ಷಾ ಪದಕ ಮತ್ತು ಸೈನ್ಯ ಸೇವಾ ಪದಕ ಇರಲಿಲ್ಲ. ಅವುಗಳ ರಿಬ್ಬನ್ನುಗಳನ್ನು ಬಿಚ್ಚಿ, ಮಡಚಿ, ಟೋಪಿಯೊಳಗೆ ಇಡಲಾಗಿತ್ತು. ಕದಿಯುವವರು ರಿಬ್ಬನ್ ಮಡಚಿ ಇಡುತ್ತಾರೆಯೇ ಎಂದು ನಾನು ಆಗ ಯೋಚಿಸಲಿಲ್ಲ. ತಂದೆಯ ಏಳು ಪದಕಗಳನ್ನು ಬಿಟ್ಟು ತಾಯಿಯ ಎರಡನ್ನೇ ಒಯ್ದಿದ್ದಾರೆ ಎಂಬುದೊಂದೇ ತಲೆಯಲ್ಲಿತ್ತು. ಕಾಕಾನನ್ನು ಕೇಳಿದಾಗ, "ಹೆಣಮಕ್ಕಳ ಟ್ರಂಕಿಗೆ ನಾ ಯಾಕ ಕೈ ಹಾಕ್ಲೆವಾ?" ಎಂದರು. ಕಾಕಿ ಮುಧೋಳದ ಮಗಳ ಮನೆಗೆ ಹೋಗಿದ್ದರು, ಅವರ ಬಳಿ ಫೋನಿಲ್ಲ. ಯಾರ ಮೇಲೂ ಸಂಶಯವಿಲ್ಲವೆಂದು ಹೇಳಿ ಅಂದೇ ಮಧ್ಯಾಹ್ನ ದೂರು ಕೊಟ್ಟೆ.

ದಿನಾಂಕ 9ರಂದು ಇಬ್ಬರು ಪೊಲೀಸರೊಂದಿಗೆ ಮತ್ತೆ ಆ ಮನೆಗೆ ಹೋದೆ. ಕಾಕಿ ಹಿಂದಿನ ದಿನ, ಅಮಾವಾಸ್ಯೆಯಂದು, ಊರಿಗೆ ಮರಳಿದ್ದರು. ಪೊಲೀಸರು ವಿಷಯ ಹೇಳಿದ ಕೂಡಲೇ ಅವರು ಅಡುಗೆಮನೆಯಿಂದ ಒಂದು ಗಂಟು ತಂದು ಬಿಚ್ಚಿದರು. ಸೈನ್ಯ ಸೇವಾ ಪದಕ ಹಾಗೆಯೇ ಇತ್ತು. ರಕ್ಷಾ ಪದಕ ಕಪ್ಪಾಗಿ, ಮೇಲಿನ ಚಿತ್ರ ಅಳಿಸಿ, ಅಂಚಿನಲ್ಲಿ ಒಂದು ತುಣುಕು ಕತ್ತರಿಸಿಹೋಗಿತ್ತು.

ನಾನು ಏರುದನಿಯಲ್ಲಿ ಮಾತಾಡಿದ್ದು ನಿಜ. ನನ್ನ ತಾಯಿಯನ್ನು ಅಕ್ಕ ಎಂದೇ ಕರೆಯುತ್ತಿದ್ದ ಕಾಕಿ ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳಲು ಕೋರುತ್ತೇನೆ. "ಕದಿಯೂದಂದ್ರೇನ ಭಾಗೀ? ಅಕ್ಕನ ಬೆಳ್ಳಿ ಅಕ್ಕಗ ಹಾಕೇನಿ. ಭಾವಾರು ಒಬ್ರ ಜಗಲಿ ಮ್ಯಾಲ ಕುಂತು ಒಂಬತ್ತ ವರ್ಷಾತು. ವರ್ಷ ತುಂಬೂದ್ರಾಗ ಅಕ್ಕನ್ನೂ ಕುಂಡ್ರಸಬೇಕಲ್ಲ. ಜೀವಮಾನದಾಗ ಆಕಿ ಕಾಲಾಗ ಚೈನ ಹಾಕ್ಲಿಲ್ಲ, ಕೈಯಾಗ ಕಡಗ ಇಡ್ಲಿಲ್ಲ. ಆಕಿ ಮೈಮ್ಯಾಲಿನ ಬೆಳ್ಳಿ ಅಂದ್ರ ಅವೆರಡ."

ನಮ್ಮ ಮನೆತನದಲ್ಲಿ ತೀರಿಕೊಂಡ ಹಿರಿಯರ ಬೆಳ್ಳಿಯನ್ನೇ ಕರಗಿಸಿ ಹೆಬ್ಬೆರಳಿನಷ್ಟು ಮೂರ್ತಿ ಮಾಡಿಸಿ, ಬೀರೇಶ್ವರನ ಪಕ್ಕದಲ್ಲಿ ದೇವರ ಜಗಲಿಯ ಮೇಲೆ ಇಡುವ ಪದ್ಧತಿ ಇದೆ. ತಂದೆಯ ಮೂರ್ತಿ ಅವರ ಉಡದಾರದ ಬೆಳ್ಳಿಯಿಂದ ಆದದ್ದು.

ಪದಕಗಳು ಬೆಳ್ಳಿಯವಲ್ಲ ಎಂದೆ. "ಬೆಂಕ್ಯಾಗ ಇಟ್ಟ ಮ್ಯಾಲ ಪತ್ತಾರ ಮೋನಪ್ಪನೂ ಅದನ್ನ ಹೇಳಿದ" ಎಂದರು. ಒಂದು ಪದಕ ಕರಗದೆ ಕಪ್ಪಾದಾಗ ಆ ಅಕ್ಕಸಾಲಿಗ ಇನ್ನೊಂದನ್ನು ಮುಟ್ಟದೆ ಹಿಂದಕ್ಕೆ ಕೊಟ್ಟನಂತೆ. ಆಗ ಕಾಕಿ ತಮ್ಮ ಕಾಲಿನ ಕಡಗ ಬಿಚ್ಚಿಕೊಟ್ಟು ಅದರಲ್ಲಿ ಮೂರ್ತಿ ಮಾಡಿಸಿದರು. ಅಕ್ಕನದೇನೂ ಇಲ್ಲದಿದ್ದರೆ ಅದು ಅಕ್ಕನ ಮೂರ್ತಿ ಆಗುವುದಿಲ್ಲವೆಂದು ಹಟ ಹಿಡಿದು, ಸುಟ್ಟ ಪದಕದ ಒಂದು ತುಣುಕನ್ನು ಅದರ ಬೆನ್ನಿಗೆ ಕೂರಿಸಿ, ಅಮಾವಾಸ್ಯೆಯಂದೇ ಜಗಲಿಯ ಮೇಲೆ ಇಟ್ಟಿದ್ದರು.

ಗಾಜಿನ ಕಪಾಟಿನ ವಿಷಯ ಕಾಕಿಗೆ ಗೊತ್ತಿತ್ತೇ ಎಂದು ಪೊಲೀಸರು ಕೇಳಿದರು. ಗೊತ್ತಿತ್ತು ಎಂದು ಅವರು ಒಪ್ಪಿಕೊಂಡರು. "ಗಾಜಿನೊಳಗ ಇಟ್ರ ಹೂ ಏರಸಾವ್ರ ಯಾರ್ರಿ ಸಾಹೇಬ್ರ? ಬಂದಾವ್ರು ನೋಡಿ, ಮುಂದ ಹೋಗ್ತಾರ. ಕೇಳಿದ್ರ ಈಕಿ ಒಲ್ಲೆ ಅಂತಿದ್ಲು. ಅದಕ್ಕ ಕೇಳಲಿಲ್ಲ."

ಆ ಮೇಲೆ ಜಗಲಿಯ ಹತ್ತಿರ ಹೋಗಿ ಮೂರ್ತಿಯನ್ನು ನೋಡಿದೆ. ಸಾಮಾನ್ಯವಾಗಿ ಹೆಣ್ಣು ಮೂರ್ತಿಗಳಿಗೆ ತಲೆಯ ಮೇಲೆ ಸೆರಗು ಇರುತ್ತದೆ. ಇದಕ್ಕೆ ಟೋಪಿ ಇತ್ತು. ನರ್ಸಿನ ಟೋಪಿಯನ್ನು ಪತ್ತಾರನಿಗೆ ಕಾಕಿ ಬಾಯಲ್ಲೇ ವರ್ಣಿಸಿದ್ದರು. ಅದು ಕವುಚಿದ ದೋಣಿಯ ಹಾಗೆ ಬಂದಿತ್ತು. ಕಾಕಿ ನನ್ನ ಹಿಂದೆ ನಿಂತು, "ಛಲೋ ಬಂದಿಲ್ಲೇನ?" ಎಂದು ಕೇಳಿದರು.

ಬೆನ್ನಿನಲ್ಲಿ ಪದಕದ ತುಣುಕು ಇದ್ದುದರಿಂದ ಮೂರ್ತಿಯನ್ನೂ ಪದಕಗಳೊಂದಿಗೆ ಮುದ್ದೆಮಾಲು ಎಂದು ವಶಕ್ಕೆ ಪಡೆಯಬೇಕಾಗುತ್ತದೆ ಎಂದು ಪೊಲೀಸರು ತಿಳಿಸಿದರು. ಅವರಲ್ಲೊಬ್ಬರು ಬೂಟು ಕಳಚಿ ಒಳಗೆ ಬಂದರೂ ಜಗಲಿಗೆ ಕೈ ಹಾಕಲಿಲ್ಲ. ನೀವೇ ಎತ್ತಿ ಕೊಡಿ ಎಂದು ಕಾಕಿಗೆ ಹೇಳಿ, ತಮ್ಮ ಕರವಸ್ತ್ರ ಹಾಸಿ ತೆಗೆದುಕೊಂಡರು. ಕಾಕಿ ಅಳಲಿಲ್ಲ. ಅಂದು ಊಟ ಮಾಡಲಿಲ್ಲ. ನಾನು ಅಲ್ಲೇ ಉಳಿದೆ.

ಮೇಲಿನ ಸಂಗತಿಯಲ್ಲಿ ಕಳವು ನಡೆದಿಲ್ಲ. ಲಗಮವ್ವನವರ ಮೇಲೆ ಯಾವ ಕ್ರಮವೂ ಬೇಡ. ನನ್ನ ದೂರನ್ನು ಮುಕ್ತಾಯ ಮಾಡಬೇಕು. ಮೂರ್ತಿಯನ್ನು ಅವರ ಕೈಗೇ ಒಪ್ಪಿಸಬೇಕು. ಬೆನ್ನಿನ ತುಣುಕನ್ನು ಬಿಡಿಸಬಾರದು. ಎರಡೂ ಪದಕಗಳನ್ನು ನನಗೆ ಕೊಡಿಸಬೇಕು. ಸುಟ್ಟದ್ದನ್ನು ತಿಕ್ಕಿಸದೆ, ಇದ್ದ ಸ್ಥಿತಿಯಲ್ಲೇ ತಂದೆಯ ಪದಕಗಳ ಪಕ್ಕ ಇಡಿಸುತ್ತೇನೆ. ಅಂದಾನೆಪ್ಪನವರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಸುಟ್ಟರೂ ಅಸಲೇ ಅಲ್ಲವೇ, ತನ್ನಿ ಎಂದಿದ್ದಾರೆ.

ಇದನ್ನು ನನಗೆ ಓದಿ ಹೇಳಲಾಯಿತು. ನಾನು ಕಂಡದ್ದು ಮತ್ತು ಕೇಳಿದ್ದು ಇದೇ. ಇದಕ್ಕೆ ನಾನು ಹೊಣೆ.

ಸ್ಥಳ: ಜಮಖಂಡಿ
ದಿನಾಂಕ: 10-10-2018
ಸಹಿ: ಭಾಗೀರಥಿ ಗು. ಮೇಟಿ

ಸಹಿಯಾದ ಮೇಲೆ ನನ್ನ ಕೋರಿಕೆಯಂತೆ ಸೇರಿಸಿದ್ದು: ಮೂರ್ತಿಯನ್ನು ಬೇಗ ಮರಳಿಸಲು ಕಾರಣವಿದೆ. ಇಂದು ಬೆಳಿಗ್ಗೆ ನಾನು ಠಾಣೆಗೆ ಹೊರಟಾಗ ಪಕ್ಕದ ಮನೆಯ ಮುತ್ತವ್ವ ಬಂದು ಬಾಗಿಲಲ್ಲಿ ನಿಂತರು. "ಇಷ್ಟ ಸಾಲಿ ಕಲತು ಹಡದಾಕಿನ್ನ ಸ್ಟೇಶನ್ನಿಗೆ ಕಳಿಸಿದೇನ ತಂಗಿ?" ಎಂದು ಮೊದಲು ನನ್ನನ್ನು ಕೇಳಿದರು. ನಂತರ ಒಳಗೆ ಜಗಲಿಯ ಖಾಲಿ ಜಾಗದ ಮುಂದೆ ಕುಳಿತಿದ್ದ ಕಾಕಿಗೆ ಕೇಳುವಂತೆ ಹೇಳಿದರು: "ಲಗಮವ್ವಾ, ಜಾಗಾ ಖಾಲಿ ಇಡಬ್ಯಾಡ. ಬರೂತನಕ ಒಂದ ಅಡಿಕಿ ಇಟ್ಟು ಕುಂಕುಮ ಹಚ್ಚು. ಅನಸಕ್ಕ ಎಲ್ಲಿಗಿ ಹ್ವಾದ್ರೂ ಡ್ಯೂಟಿ ಮುಗಿಸೇ ಮನೀಗಿ ಬರಾಕಿ."